ಮೋಟರ್‌ಹೋಮ್‌ಗೆ ಚಾಸಿಸ್ ಆರಿಸುವುದು: ಮೊದಲು ತೂಕ, ಆಮೇಲೆ ಉಳಿದದ್ದು

ಸರಕು ಸಾಗಿಸುವ ವ್ಯಾನ್ ಬೆಳಿಗ್ಗೆ ತುಂಬಿಕೊಂಡು ಹೊರಡುತ್ತದೆ, ಸಂಜೆ ಖಾಲಿಯಾಗಿ ಮರಳುತ್ತದೆ. ಮೋಟರ್‌ಹೋಮ್‌ಗೆ ಆ ಸಂಜೆ ಬರುವುದೇ ಇಲ್ಲ. ಮಂಚ, ಕಪಾಟು, ಫ್ರಿಜ್, ಬ್ಯಾಟರಿ, ನೀರಿನ ಟ್ಯಾಂಕ್, ಇವನ್ನೆಲ್ಲ ಅದು ಮನೆ ಮುಂದೆ ನಿಂತಿದ್ದಾಗಲೂ ಹೊತ್ತುಕೊಂಡೇ ಇರುತ್ತದೆ. ಸ್ಪ್ರಿಂಗ್‌ಗೆ ಬಿಡುವಿಲ್ಲ, ಟೈರ್‌ಗೂ ಬಿಡುವಿಲ್ಲ. ಈ ಒಂದು ವಿಷಯ ತಲೆಯಲ್ಲಿ ಕೂತರೆ ಚಾಸಿಸ್ ಬಗ್ಗೆ, ಅಂದರೆ ಮನೆಯನ್ನು ಹೊರುವ ಚೌಕಟ್ಟು, ಎಂಜಿನ್, ಚಕ್ರಗಳ ಬಗ್ಗೆ, ಮುಂದೆ ಓದುವುದೆಲ್ಲ ಸಲೀಸಾಗುತ್ತದೆ.

ನಾವು ಕಲಿಯುವವರು ಸಾಮಾನ್ಯವಾಗಿ ಒಳಗಿನ ನಕ್ಷೆಯಿಂದ ಶುರು ಮಾಡುತ್ತೇವೆ. ಹಾಸಿಗೆ ಎಲ್ಲಿ, ಅಡುಗೆ ಕಟ್ಟೆ ಎಲ್ಲಿ ಅಂತ. ಚಾಸಿಸ್‌ನಿಂದ ಶುರು ಮಾಡಿ ಎಂಬುದು ನನ್ನ ಸಲಹೆ. ನಕ್ಷೆಯನ್ನು ಹತ್ತು ಸಲ ಅಳಿಸಿ ಬರೆಯಬಹುದು. ಕೊಂಡ ಗಾಡಿಯನ್ನು ಹಾಗೆ ಅಳಿಸಲಾಗುವುದಿಲ್ಲ.

ಬೇಸ್ ವಾಹನದ ಮೂರು ರೂಪ

ಮೊದಲನೆಯದು ಪ್ಯಾನೆಲ್ ವ್ಯಾನ್. ಉಕ್ಕಿನ ಮೈ ಕಾರ್ಖಾನೆಯಿಂದಲೇ ಪೂರ್ತಿಯಾಗಿ ಬರುತ್ತದೆ, ನಾವು ಒಳಗೆ ಮಾತ್ರ ಮನೆ ಮಾಡುತ್ತೇವೆ. ಇಂಥ ವ್ಯಾನ್‌ಗಳಲ್ಲಿ ಹೆಚ್ಚಿನವಕ್ಕೆ ಆ ಮೈಯೇ ಬಲ. ಹಾಗಾಗಿ ಕಿಟಕಿ ಕೊರೆಯುವಾಗ ಪಕ್ಕದ ಆಧಾರ ಪಟ್ಟಿಗಳನ್ನು ಮನಸ್ಸಿಗೆ ಬಂದಂತೆ ಕತ್ತರಿಸಬಾರದು.

ಎರಡನೆಯದು ಚಾಸಿಸ್ ಕ್ಯಾಬ್. ಮುಂದೆ ಡ್ರೈವರ್ ಕ್ಯಾಬಿನ್ ಇರುತ್ತದೆ, ಹಿಂದೆ ಬರೀ ಎರಡು ಉದ್ದ ತೊಲೆಗಳು ಮತ್ತು ಚಕ್ರ. ಅದರ ಮೇಲೆ ಬೇರೆಯಾಗಿ ಮಾಡಿದ ಮನೆಯ ಪೆಟ್ಟಿಗೆ ಕೂರುತ್ತದೆ. ಜಾಗ ಜಾಸ್ತಿ ಸಿಗುತ್ತದೆ, ತೂಕವೂ ಜಾಸ್ತಿಯಾಗುತ್ತದೆ.

ಮೂರನೆಯದರಲ್ಲಿ ಕ್ಯಾಬಿನ್ನೂ ಇರುವುದಿಲ್ಲ. ಎಂಜಿನ್, ಸ್ಟೀರಿಂಗ್, ತೊಲೆ, ಚಕ್ರ, ಅಷ್ಟೇ. ಬಸ್ಸಿನಂಥ ದೊಡ್ಡ ಮೋಟರ್‌ಹೋಮ್‌ಗಳು ಇದರ ಮೇಲೆ ಏಳುತ್ತವೆ. ಅಮೆರಿಕದಲ್ಲಿ ಫೋರ್ಡ್ ಎಫ್-53 ಈ ಬಗೆಯದು. ಸ್ವಂತವಾಗಿ ಕಟ್ಟುವವರು ಇದಕ್ಕೆ ಕೈಹಾಕುವುದು ಕಡಿಮೆ, ಹಾಗಾಗಿ ಇಲ್ಲಿಗೇ ಬಿಡುತ್ತೇನೆ.

ಹೆಸರುಗಳ ಗೊಂದಲವೊಂದನ್ನು ಈಗಲೇ ಬಿಡಿಸಿಕೊಳ್ಳೋಣ. 1981ರಲ್ಲಿ ಬಂದ ಫಿಯಟ್ ಡುಕಾಟೊ ಯುರೋಪಿನ ಮೋಟರ್‌ಹೋಮ್‌ಗಳಲ್ಲಿ ತುಂಬ ಕಾಣುವ ಬೇಸ್. ಪೂಜೋ ಬಾಕ್ಸರ್, ಸಿಟ್ರೊಯೆನ್ ಜಂಪರ್ ಅದರದ್ದೇ ವಿನ್ಯಾಸದ ಅವಳಿ ಗಾಡಿಗಳು. ಉತ್ತರ ಅಮೆರಿಕದ ರ‍್ಯಾಮ್ ಪ್ರೊಮಾಸ್ಟರ್ ಕೂಡ ಇದೇ ಮನೆತನದ್ದು. ಬ್ಯಾಡ್ಜ್ ಬೇರೆ, ಎಂಜಿನ್ ಬೇರೆ ಇರಬಹುದು, ಆದರೆ ಮೈಯ ಅಳತೆ ಬಹುಮಟ್ಟಿಗೆ ಒಂದೇ. ಒಂದಕ್ಕೆ ಬರೆದ ಅಳತೆಯ ಟಿಪ್ಪಣಿ ಇನ್ನೊಂದಕ್ಕೂ ಉಪಯೋಗಕ್ಕೆ ಬರುವುದು ಇದರಿಂದಲೇ.

ಯಾವ ಚಕ್ರ ಎಳೆಯುತ್ತದೆ?

ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಇಲ್ಲ. ಆದ್ದರಿಂದ ನೆಲವನ್ನು ಕೆಳಗಿಡಬಹುದು. ನೆಲ ಕೆಳಗಿದ್ದರೆ ಒಳಗೆ ನೆಟ್ಟಗೆ ನಿಲ್ಲಲು ಎತ್ತರ ಸಿಗುತ್ತದೆ, ಹತ್ತುವ ಮೆಟ್ಟಿಲು ಕಡಿಮೆಯಾಗುತ್ತದೆ. ಕ್ಯಾಬಿನ್ ಹಿಂದಿನ ಮೂಲ ತೊಲೆಗಳನ್ನು ಬಿಟ್ಟು, ಅಲ್-ಕೋ ಕಂಪನಿಯ ತಗ್ಗಾದ ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ಚೌಕಟ್ಟನ್ನು ಬೋಲ್ಟ್ ಮಾಡಿ ಕೂರಿಸುವುದು ಸಾಧ್ಯವಾಗಿರುವುದೂ ಇದರಿಂದಲೇ. ಅಲ್ಲಿ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಬದಲು ಟಾರ್ಷನ್ ಆಕ್ಸಲ್, ಅಂದರೆ ತಿರುಚುವಿಕೆಯಿಂದಲೇ ಸ್ಪ್ರಿಂಗ್ ಕೆಲಸ ಮಾಡುವ ಅಚ್ಚು ಇರುತ್ತದೆ.

ಹಿಂದಿನ ಚಕ್ರ ತಳ್ಳುವ ಗಾಡಿಗಳಿಗೆ ಇವೆಕೊ ಡೈಲಿ ಒಳ್ಳೆಯ ಉದಾಹರಣೆ. ಲಾರಿಯ ಹಾಗೆ ಏಣಿಯಾಕಾರದ ಚೌಕಟ್ಟು, 7 ಟನ್ ದಾಟುವವರೆಗೂ ಆವೃತ್ತಿಗಳಿವೆ. ಮನೆಯ ಭಾರ ಬೀಳುವುದು ಹಿಂದೆ, ಎಳೆಯುವ ಚಕ್ರವೂ ಹಿಂದೆ. ಏರಿನಲ್ಲಿ, ಒದ್ದೆ ಹುಲ್ಲಿನ ಮೇಲೆ ಹಿಡಿತ ಚೆನ್ನಾಗಿರುತ್ತದೆ. ಬದಲಿಗೆ ನೆಲ ಎತ್ತರವಾಗುತ್ತದೆ. ಹಿಂದೆ ಜೋಡಿ ಚಕ್ರ ಇದ್ದರೆ ಚಕ್ರದ ಗೂಡು ಒಳಗಿನ ಜಾಗ ತಿನ್ನುತ್ತದೆ. ಮರ್ಸಿಡಿಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್, ಫೋಕ್ಸ್‌ವ್ಯಾಗನ್ ಕ್ರಾಫ್ಟರ್ ಈ ಮೂರರಲ್ಲೂ ಮುಂದಿನ ಚಕ್ರದ್ದು, ಹಿಂದಿನ ಚಕ್ರದ್ದು ಎರಡೂ ಬಂದಿವೆ. ಹಾಗಾಗಿ ಹೆಸರು ನೋಡಿ ತೀರ್ಮಾನಿಸಬೇಡಿ, ಆ ಗಾಡಿಯ ಕಾಗದ ನೋಡಿ.

ಮುಂದಿನ ಚಕ್ರದ ಗಾಡಿಯನ್ನು ಜನ ಬೇಕಾದ್ದಕ್ಕಿಂತ ಜಾಸ್ತಿ ಅನುಮಾನಿಸುತ್ತಾರೆ ಅಂತ ನನಗನಿಸುತ್ತದೆ. ಡಾಂಬರು ರಸ್ತೆ, ಗಟ್ಟಿ ನೆಲದಲ್ಲೇ ಓಡಾಡುವವರಿಗೆ ಅದು ಸಾಕು. ಆದರೆ ಹಿಂದೆ ಉದ್ದಕ್ಕೆ ಚಾಚಿದ ಮೈ ಮತ್ತು ಮುಂದಿನ ಚಕ್ರದ ಎಳೆತ ಎರಡೂ ಸೇರಿದರೆ ನಾನು ಬೇಡ ಅನ್ನುತ್ತೇನೆ. ಕಾರಣ ಕೆಳಗಿನ ಲೆಕ್ಕದಲ್ಲಿದೆ.

ತೂಕದ ಲೆಕ್ಕ

ಗಾಡಿಯ ತೂಕದ ಪ್ಲೇಟ್ ಮೇಲೆ ನೋಡಬೇಕಾದ ಸಂಖ್ಯೆ ಮೂರು: ಒಟ್ಟು ಗರಿಷ್ಠ ತೂಕ, ಮುಂದಿನ ಆಕ್ಸಲ್ ಮಿತಿ, ಹಿಂದಿನ ಆಕ್ಸಲ್ ಮಿತಿ. ಯುರೋಪಿನ ದೇಶಗಳಲ್ಲಿ ಕಾರಿನ ಬಿ ಲೈಸೆನ್ಸ್ ಸಾಮಾನ್ಯವಾಗಿ 3500 ಕೆಜಿವರೆಗೆ ನಡೆಯುತ್ತದೆ. ಅದರ ಮೇಲೆ 7500 ಕೆಜಿವರೆಗೆ ಸಿ1 ಬೇಕು. ಅಲ್ಲಿನ ಮಾರುಕಟ್ಟೆ 3500ರ ಸುತ್ತಲೇ ತುಂಬಿಕೊಂಡಿರುವುದಕ್ಕೆ ಇದು ದೊಡ್ಡ ಕಾರಣ.

ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ಕಲಿಯುವುದಕ್ಕಾಗಿ ಇಟ್ಟುಕೊಂಡವು. ಒಟ್ಟು ಮಿತಿ 3500. ಡ್ರೈವರ್ ಮತ್ತು ಇಂಧನ ಸೇರಿ ಚಾಸಿಸ್ ಕ್ಯಾಬ್ 1750. ಮೇಲಿನ ಪೆಟ್ಟಿಗೆ, ಮಂಚ, ಕಪಾಟು, ಫ್ರಿಜ್ ಎಲ್ಲ ಸೇರಿ 1200. ಒಟ್ಟು 2950, ಉಳಿದದ್ದು 550. ಅಬ್ಬಾ, ಅರ್ಧ ಟನ್ ಮಿಕ್ಕಿದೆ ಅನಿಸುತ್ತದೆ ಅಲ್ವಾ? ಈಗ ತುಂಬೋಣ. ನೀರು 120 ಲೀಟರ್ ಅಂದರೆ 120 ಕೆಜಿ. ಇನ್ನೂ ಮೂವರು ಮನೆಯವರು 180. ಗ್ಯಾಸ್ ಸಿಲಿಂಡರ್ 25. ಬಿಸಿಲಿಗೆ ಚಾಚುವ ಮೇಲಾವರಣ 30. ಎರಡು ಸೈಕಲ್ ಮತ್ತು ಅದರ ಸ್ಟ್ಯಾಂಡ್ 60. ಬಟ್ಟೆ, ಪಾತ್ರೆ, ದಿನಸಿ, ಕುರ್ಚಿ, ಉಪಕರಣ 135. ಕೂಡಿಸಿದರೆ 550. ಇನ್ನು ಒಂದು ತಲೆದಿಂಬಿಗೂ ಜಾಗವಿಲ್ಲ.

ಐರೋಪ್ಯ ಒಕ್ಕೂಟದ ನಿಯಮದಲ್ಲಿ ‘ಓಡಲು ಸಿದ್ಧವಾದ ತೂಕ’ ಎಂದರೆ 75 ಕೆಜಿ ಡ್ರೈವರ್ ಮತ್ತು 90 ಶೇಕಡಾ ಇಂಧನ ಸೇರಿದ್ದು. ಮೋಟರ್‌ಹೋಮ್‌ನಲ್ಲಿ ಕಾಗದದ ಈ ತೂಕಕ್ಕೂ ನಿಜದ ತೂಕಕ್ಕೂ 5 ಶೇಕಡಾ ವ್ಯತ್ಯಾಸಕ್ಕೆ ಅವಕಾಶವಿದೆ. 2950ಕ್ಕೆ ಅದು ಸುಮಾರು 147 ಕೆಜಿ. ಮೇಲಿನ ಲೆಕ್ಕದಲ್ಲಿ ನೀರಿನ ಟ್ಯಾಂಕಿಗಿಂತ ದೊಡ್ಡ ಮೊತ್ತ ಅದು.

ಆಕ್ಸಲ್ ಮಿತಿ ಇನ್ನೂ ಸೂಕ್ಷ್ಮ. ಮುಂದೆ 1850, ಹಿಂದೆ 2000 ಎಂದು ಬರೆದಿದ್ದರೆ ಎರಡೂ ಕೂಡಿ 3850 ಆಗುತ್ತದೆ. ಹಾಗಂತ 3850 ತುಂಬುವಂತಿಲ್ಲ, ಒಟ್ಟು ಮಿತಿ 3500 ಹಾಗೇ ಇರುತ್ತದೆ. ಇದರ ಇನ್ನೊಂದು ಮುಖವೇ ಜನ ಎಡವುವ ಕಡೆ. ಗಾಡಿ ತೂಗಿದಾಗ 3420 ಬಂತು, ಸರಿ ಇದೆ ಎಂದುಕೊಳ್ಳುತ್ತೇವೆ. ಹಿಂದಿನ ಆಕ್ಸಲ್ ಒಂದನ್ನೇ ತೂಗಿದರೆ 2060 ಇರುತ್ತದೆ. ಅಲ್ಲಿಗೆ 60 ಕೆಜಿ ಮಿತಿ ಮೀರಿತು.

ಹಿಂಭಾರದ ಲೆಕ್ಕ

ಎತ್ತಿನ ಗಾಡಿಯ ಹಿಂಭಾರ ನಮಗೆ ಗೊತ್ತಿರುವ ಮಾತೇ. ಹಿಂದೆ ಹೇರು ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ. ಮೋಟರ್‌ಹೋಮ್‌ನಲ್ಲಿ ಆಗುವುದೂ ಅದೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಎರಡು ಆಕ್ಸಲ್‌ಗಳ ನಡುವೆ 4 ಮೀಟರ್ ಇದೆ ಎನ್ನಿ. 60 ಕೆಜಿಯ ಸೈಕಲ್ ಸ್ಟ್ಯಾಂಡ್ ಹಿಂದಿನ ಆಕ್ಸಲ್‌ಗಿಂತ 2 ಮೀಟರ್ ಹಿಂದೆ ನೇತಾಡುತ್ತಿದೆ. ಹಿಂದಿನ ಆಕ್ಸಲ್ ಮೇಲೆ ಬೀಳುವ ಭಾರ 60 ಅಲ್ಲ. 60 ಅನ್ನು 6ರಿಂದ ಗುಣಿಸಿ 4ರಿಂದ ಭಾಗಿಸಿ: 90 ಕೆಜಿ. ಹೆಚ್ಚಾದ ಆ 30 ಎಲ್ಲಿಂದ ಬಂತು? ಮುಂದಿನ ಆಕ್ಸಲ್‌ನಿಂದ. ಮುಂದಿನ ಚಕ್ರವೇ ಎಳೆಯಬೇಕಾದ ಗಾಡಿಯಲ್ಲಿ ಆ ಚಕ್ರದ ಹಿಡಿತವನ್ನೇ ನಾವು ಎತ್ತಿಬಿಟ್ಟೆವು. ನಾನು ಬೇಡ ಅಂದದ್ದು ಇದಕ್ಕೇ.

ಒಂದೇ ಉದ್ದದ ಎರಡು ಗಾಡಿಗಳಲ್ಲಿ ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ಅಂತರ) ಉದ್ದ ಇರುವುದನ್ನು ನಾನು ಆರಿಸುವುದೂ ಇದಕ್ಕೇ. ತಿರುಗಿಸಲು ಜಾಗ ಸ್ವಲ್ಪ ಜಾಸ್ತಿ ಬೇಕು, ಆದರೆ ಭಾರ ಎರಡು ಆಕ್ಸಲ್‌ಗಳ ನಡುವೆ ಕೂರುತ್ತದೆ. ನೀರಿನ ಟ್ಯಾಂಕ್, ಬ್ಯಾಟರಿಗಳಂಥ ಭಾರದ ವಸ್ತುಗಳನ್ನು ಅಲ್ಲೇ, ಆದಷ್ಟು ಕೆಳಗೆ ಇಡಿ.

ಅಳತೆ, ಟೈರ್, ಸ್ಪ್ರಿಂಗ್

ಡುಕಾಟೊ ವ್ಯಾನಿನ ಒಳಗಲ ಸುಮಾರು 1870 ಮಿಮೀ. ಗೋಡೆಗೆ ಇನ್ಸುಲೇಷನ್ ಹಾಕಿದ ಮೇಲೂ ಎಷ್ಟೋ ಜನ ಅಡ್ಡಡ್ಡ ಮಲಗಬಹುದು. ಸ್ಪ್ರಿಂಟರ್ ಸುಮಾರು 1790, ಅಲ್ಲಿ ಎತ್ತರದವರಿಗೆ ಉದ್ದುದ್ದ ಮಂಚವೇ ಬೇಕು. ಮಂಚ ಅಡ್ಡ ಹಾಕಿದರೆ ಗಾಡಿಯ ಉದ್ದ ಉಳಿಯುತ್ತದೆ. ಎಂಟು ಸೆಂಟಿಮೀಟರ್ ಇಡೀ ನಕ್ಷೆಯನ್ನೇ ಬದಲಾಯಿಸುವುದು ಹೀಗೆ.

ಟೈರ್ ಮೇಲೆ ಸಿಪಿ ಎಂಬ ಗುರುತಿದ್ದರೆ ಅದು ಮೋಟರ್‌ಹೋಮ್‌ಗಾಗಿ ಮಾಡಿದ, ಹೆಚ್ಚು ಗಾಳಿಯೊತ್ತಡ ತಡೆಯುವ ಟೈರ್. ಹಿಂದೆ ಜಗ್ಗಿದ ಗಾಡಿಗೆ ಹೆಚ್ಚುವರಿ ಏರ್ ಸ್ಪ್ರಿಂಗ್ ಹಾಕಿಸುವುದುಂಟು. ಓಲಾಟ ಕಡಿಮೆಯಾಗುತ್ತದೆ, ಗಾಡಿ ನೆಟ್ಟಗೆ ನಿಲ್ಲುತ್ತದೆ. ಆದರೆ ಪ್ಲೇಟ್ ಮೇಲಿನ ಮಿತಿ ಅದರಿಂದ ತಾನಾಗಿ ಏರುವುದಿಲ್ಲ. ಏರಿಸಬೇಕಾದರೆ ತಾಂತ್ರಿಕ ಒಪ್ಪಿಗೆ ಪಡೆದು ಕಾಗದವನ್ನೇ ಬದಲಿಸಬೇಕು.

ಕೊಳ್ಳುವ ಮುಂಚೆ

ಎಂಜಿನ್ ಬಗ್ಗೆ ನಾನು ಕಡಿಮೆ ಬರೆಯುತ್ತೇನೆ. ತುಂಬಿದ ಗಾಡಿಗೆ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಟಾರ್ಕ್ (ತಿರುಗಿಸುವ ಬಲ) ಬೇಕು, ನೀವು ಹೋಗುವ ಕಡೆ ಸರ್ವಿಸ್ ಸಿಗಬೇಕು, ಇವೆರಡು ಸಾಕು. ಹಳೆಯ ಗಾಡಿಯಾದರೆ ಕೆಳಗೆ ತೂರಿ ತೊಲೆಗಳ ತುಕ್ಕು ನೋಡಿ. ಟೈಮಿಂಗ್ ಬೆಲ್ಟ್ ಇದ್ದರೆ ಯಾವಾಗ ಬದಲಿಸಿದ್ದು ಕೇಳಿ. ಹೊಸದಾದರೆ ಸ್ಮಾರ್ಟ್ ಆಲ್ಟರ್ನೇಟರ್, ಅಂದರೆ ಅಗತ್ಯ ನೋಡಿ ವೋಲ್ಟೇಜ್ ಏರಿಳಿಸುವ ಜನರೇಟರ್ ಇದೆಯಾ ಕೇಳಿ. ಇದ್ದರೆ ಮನೆಯ ಬ್ಯಾಟರಿಗೆ ಸುಮ್ನೆ ಒಂದು ರಿಲೇ ಹಾಕಿದರೆ ಸರಿಯಾಗಿ ಚಾರ್ಜ್ ಆಗುವುದಿಲ್ಲ, ಬ್ಯಾಟರಿಗೆ ತಕ್ಕ ವೋಲ್ಟೇಜ್ ಮಾಡಿಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕಾಗುತ್ತದೆ.

ವಾಹನ ತಯಾರಕರು ಬಾಡಿ ಕಟ್ಟುವವರಿಗಾಗಿ ಕೈಪಿಡಿ ಕೊಡುತ್ತಾರೆ. ತೊಲೆಯಲ್ಲಿ ಎಲ್ಲಿ ರಂಧ್ರ ಕೊರೆಯಬಾರದು, ಎಲ್ಲಿ ವೆಲ್ಡಿಂಗ್ ಕೂಡದು, ಎಷ್ಟು ಹಿಂದಕ್ಕೆ ಚಾಚಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ನಿಮ್ಮ ಮಾದರಿಯದ್ದನ್ನು ಹುಡುಕಿ ಪೂರ್ತಿ ಓದಿ.

ಕೆಲಸ ಶುರು ಮಾಡುವ ಮುಂಚೆ ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ಯಿರಿ. ಮೊದಲು ಪೂರ್ತಿ ಗಾಡಿ ತೂಗಿ, ಆಮೇಲೆ ಮುಂದಿನ ಚಕ್ರ ಮಾತ್ರ, ಆಮೇಲೆ ಹಿಂದಿನ ಚಕ್ರ ಮಾತ್ರ. ಮಂಚ, ಕಪಾಟು ಕೂರಿಸಿದ ಮೇಲೆ ಇನ್ನೊಮ್ಮೆ, ನೀರು ತುಂಬಿ ಮನೆಯವರೆಲ್ಲ ಹತ್ತಿ ಕೂತ ಮೇಲೆ ಮತ್ತೊಮ್ಮೆ ಇದೇ ಮೂರು ಸಂಖ್ಯೆ ಬರೆದಿಡಿ.