ಮೌನಕ್ಕೆ ಎರಡು ನಿಮಿಷ ಸಿಗದ ಕಥೆ

ನಮ್ಮ ಮಂಗಳೂರು-ಉಡುಪಿ ಕಡೆಯ ಇಗರ್ಜಿಗಳಲ್ಲಿ ಒಂದು ಚರ್ಚೆ ಮುಗಿಯುದೇ ಇಲ್ಲ. ಆರಾಧನೆ ಹೊತ್ತಲ್ಲಿ ಕೀಬೋರ್ಡ್ ಬೇಕಾ ಬೇಡ್ವಾ, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿ) ತಗೊಂಡ ಮೇಲೆ ಕ್ವಾಯರ್‌ನವ್ರು ಇನ್ನೊಂದು ಹಾಡು ಎತ್ತುದಾ ಅಲ್ಲ ಎಲ್ರೂ ಸುಮ್ನೆ ಕೂತ್ಕೊಳ್ಳುದಾ, ಕಣ್ಮುಚ್ಚಿ ಉಸಿರಿನ ಕಡೆ ಗಮನ ಕೊಟ್ರೆ ಅದು ಪ್ರಾರ್ಥನೆಯಾ ಯೋಗವಾ. ಒಬ್ರು ವ್ಯಾಟಿಕನ್ ಅಂತಾರೆ, ಇನ್ನೊಬ್ರು ಬೈಬಲ್ ಅಂತಾರೆ, ಮೂರನೆಯವ್ರು "ನಮ್ಮ ಅಜ್ಜಿ ಕಾಲದಲ್ಲಿ" ಅಂತ ಶುರು ಮಾಡ್ತಾರೆ. ಹಾಗಾಗಿ ಪ್ರಾರ್ಥನೆಯಲ್ಲಿ ಮೌನ, ಏಕಾಂತ ಇದೆಲ್ಲ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡುವ.

ಹಳೇದು ಬೇಗ ಮುಗಿಸ್ತೇನೆ. ಬೆಳಕು ಹರಿಯುವ ಮೊದ್ಲೇ ಎದ್ದು ಯಾರೂ ಇಲ್ಲದ ಜಾಗಕ್ಕೆ ಹೋಗಿ ಯೇಸು ಪ್ರಾರ್ಥನೆ ಮಾಡಿದ್ರು ಅಂತ ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲೇ ಉಂಟು, ಆಮೇಲೆ ಈಜಿಪ್ಟಿನ ಮರುಭೂಮಿಗೆ ಹೋದ ಅಂತೋಣಿ (ಕಳೆದುಹೋದ ಕೀ ಹುಡುಕಿಕೊಡುವ ಪಾದುವಾದ ಅಂತೋಣಿ ಅಲ್ಲ, ಇವ್ರು ಬೇರೆ), 6ನೇ ಶತಮಾನದ ಸನ್ಯಾಸಿ ಬೆನೆಡಿಕ್ಟ್, 1084ರಲ್ಲಿ ಆಲ್ಪ್ಸ್ ಬೆಟ್ಟದಲ್ಲಿ ಮಠ ಕಟ್ಟಿದ ಬ್ರೂನೊ, 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ತಿಂಗಳುಗಟ್ಲೆ ಪ್ರಾರ್ಥನೆಗೆ ಕೂತ ಇಗ್ನೇಷಿಯಸ್ ಲೊಯೋಲಾ. ನಾವು ರೆತಿರ್ (ರಿಟ್ರೀಟ್, ಕೆಲವು ದಿನ ಬೇರೆ ಕೂತು ಪ್ರಾರ್ಥನೆ ಮಾಡುದು) ಅಂತ ಹೇಳುದಕ್ಕೆ ಇವತ್ತಿನ ರೂಪ ಬಂದದ್ದು ಹೆಚ್ಚಾಗಿ ಇಗ್ನೇಷಿಯಸ್ ಅವ್ರ 30 ದಿನದ ಕ್ರಮದಿಂದ.

ಇನ್ನು ನಮ್ಮೂರು. 1834ರಲ್ಲಿ ಬಂದ ಪ್ರೊಟೆಸ್ಟೆಂಟ್ ಬಾಸೆಲ್ ಮಿಶನ್‌ನವ್ರದ್ದು ಬೈಬಲ್ ಓದಿ ಸ್ವಂತವಾಗಿ ಪ್ರಾರ್ಥಿಸುವುದಕ್ಕೆ ಒತ್ತು ಕೊಡುವ ಪರಂಪರೆ. ಕಥೋಲಿಕರ ಕಡೆ, 1870ರಲ್ಲಿ ಫ್ರಾನ್ಸಿನ ಪೋ ಊರಿನ ಕಾರ್ಮೆಲ್ ಮಠದಿಂದ ಕೆಲವು ಸಿಸ್ಟರ್ಸ್ ಹಡಗು ಹತ್ತಿದ್ರು, ಮಂಗಳೂರಲ್ಲಿ ಗೋಡೆಯೊಳಗೇ ಇದ್ದು ಪ್ರಾರ್ಥಿಸುವ ಮಠ ಶುರು ಮಾಡ್ಲಿಕ್ಕೆ. ಮೂವರು ಇಲ್ಲಿಗೆ ಮುಟ್ಟುವ ಮೊದ್ಲೇ ತೀರ್ಕೊಂಡ್ರು. ಬಂದು ಮುಟ್ಟಿದವ್ರಲ್ಲಿ ಪ್ಯಾಲೆಸ್ತೀನ್ ಕಡೆಯ ಮರಿಯಂ ಬೊವಾರ್ದಿ ಒಬ್ಬರು, 1871ರ ನವೆಂಬರ್ 21ಕ್ಕೆ ಇಲ್ಲೇ ವ್ರತ ತಗೊಂಡ್ರು, ಮರುವರ್ಷ ವಾಪಸ್ ಹೋದ್ರು, 2015ರಲ್ಲಿ ಸಂತರ ಪಟ್ಟ ಸಿಕ್ತು. 1878ರ ಡಿಸೆಂಬರ್ 31ಕ್ಕೆ ಇಗ್ನೇಷಿಯಸ್ ಅವ್ರ ಸಂಘದ ಪಾದ್ರಿಗಳು, ಜೆಸ್ವಿಟರೂ ಬಂದ್ರು. ಆದ್ರೆ ಹೆಚ್ಚುಕಮ್ಮಿ ಆವಾಗಿಂದ್ಲೇ ಒಂದು ಪಾಲು ಪಟ್ಟಿ ಆದ ಹಾಗೆ ನನಗೆ ಕಾಣ್ತದೆ, ಮೌನ ಪಾದ್ರಿಗಳಿಗೆ ಸಿಸ್ಟರ್ಸ್‌ಗೆ, ನಮಗೆ ತೇರ್ಸ್ (ಜಪಮಾಲೆ ಪ್ರಾರ್ಥನೆ), ನೊವೆನಾ (ಒಂಬತ್ತು ದಿನದ ಪ್ರಾರ್ಥನೆ), ಫೆಸ್ತಿನ (ಹಬ್ಬದ) ಗೌಜಿ.

ಅಜ್ಜಿ ಕಾಲದ ಪೂಜೆ ಎಷ್ಟು ಶಾಂತವಾಗಿತ್ತು ಅಂತ ಹೇಳುವವ್ರು ಇದ್ದಾರಲ್ಲ, ಹೌದು, ಲ್ಯಾಟಿನಲ್ಲಿ ಪಾದ್ರಿ ಮೆಲ್ಲ ಸ್ವರದಲ್ಲಿ ಓದ್ತಿದ್ರು, ಜನರಿಗೆ ಅರ್ಥ ಆಗ್ತಿರ್ಲಿಲ್ಲ, ತಮ್ಮಷ್ಟಕ್ಕೆ ಜಪಮಣಿ ಎಣಿಸ್ತಿದ್ರು. ಅದನ್ನು ಮೌನ ಅನ್ನಬೇಕಾ ಬೇರೆ ಎಂತಾದ್ರೂ ಅನ್ನಬೇಕಾ ಗೊತ್ತಿಲ್ಲ. ಕಥೋಲಿಕ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನಾ ವಿಧಿ ಬಗ್ಗೆ ಕೊಟ್ಟ ದಾಖಲೆಯ 30ನೇ ಪ್ಯಾರಾ ಓದಿ ನೋಡಿ, ಜನ ಹಾಡ್ಲಿ, ಉತ್ತರ ಹೇಳ್ಲಿ, ಭಾಗವಹಿಸ್ಲಿ ಅಂತ ಉಂಟು, ಅದೇ ಪ್ಯಾರಾದ ಕೊನೆ ಸಾಲಲ್ಲಿ ತಕ್ಕ ಹೊತ್ತಿಗೆ ಎಲ್ರೂ ಭಕ್ತಿಯಿಂದ ಮೌನವಾಗಿರ್ಬೇಕು ಅಂತ್ಲೂ ಉಂಟು. ನಾವು ಕೊಂಕಣಿ, ಕನ್ನಡ, ಹಾಡು, ಮೈಕ್ ಎಲ್ಲ ತಗೊಂಡ್ವಿ, ಕೊನೆ ಸಾಲು ಅಲ್ಲೇ ಬಾಕಿ.

ನನಗೆ ಸರಿಯಾಗಿ ನೆನಪಿರುದು ಇದರ ನಂತರದ್ದು. 1967ರಲ್ಲಿ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಶುರುವಾದ ಕ್ಯಾರಿಸ್ಮ್ಯಾಟಿಕ್ ಪ್ರಾರ್ಥನೆ ನಮ್ಮ ಕರಾವಳಿಗೂ ಬಂತು, ಕೇರಳದ ಮುರಿಂಗೂರಿನ ರೆತಿರ್ ಕೇಂದ್ರಕ್ಕೆ ಜನ ಗುಂಪು ಗುಂಪಾಗಿ ಹೋದ್ರು, ಮುಲ್ಕಿಯಲ್ಲಿ ಡಿವೈನ್ ಕಾಲ್ ಸೆಂಟರ್ ಅಂತ ಪ್ರಾರ್ಥನಾ ಕೇಂದ್ರ ಆಯ್ತು. ರೆತಿರ್ ಅಂದ್ರೆ ಬಾಯಿ ಮುಚ್ಕೊಂಡು ಇರುದು ಅಂತ ಇದ್ದದ್ದು ಕೈ ಎತ್ತಿ ಜೋರಾಗಿ ಸ್ತುತಿಸುದು ಅಂತ ಆಯ್ತು. ಪಿಯುಸಿ ರಜೆಯಲ್ಲಿ ಅಮ್ಮನ ಜೊತೆ ಅಂಥದ್ದೊಂದಕ್ಕೆ ಹೋಗಿ ನಾನು ಸ್ಪೀಕರ್ ಪಕ್ಕ ಕೂತು ಕಿವಿ ಮುಚ್ಕೊಂಡಿದ್ದೆ, ಅಮ್ಮ ಮಾತ್ರ ಅಳ್ತಾ ಇದ್ರು, ನಗ್ತಾನೂ ಇದ್ರು. ಮನೆಯಲ್ಲೂ ಇಗರ್ಜಿಯಲ್ಲೂ ಯಾರೂ ಮಾತಾಡ್ಲಿಕ್ಕೆ ಬಿಡದಿದ್ದ ಹೆಂಗಸ್ರಿಗೆ ಅಲ್ಲಿ ಮೊದಲ ಸಲ ಸ್ವರ ಸಿಕ್ತು ಮಾರಾಯ್ರೆ, ಅವ್ರ ಹತ್ರ ಹೋಗಿ ಮೌನದ ಮಹತ್ವ ಹೇಳ್ಲಿಕ್ಕೆ ನನಗಂತೂ ಧೈರ್ಯ ಇಲ್ಲ.

ಅದೇ ಹೊತ್ತಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ಮುಂಬೈಯಲ್ಲಿ ಹುಟ್ಟಿದ ಜೆಸ್ವಿಟ್ ಆಂತೊನಿ ಡಿ ಮೆಲ್ಲೊ 1970ರ ದಶಕದಲ್ಲಿ ಪುಣೆಯಲ್ಲಿ, ಆಮೇಲೆ ಲೋನಾವಳದಲ್ಲಿ, ಉಸಿರು, ಮೈಯ ಅರಿವು, ನಿಶ್ಶಬ್ದ ಇದನ್ನೆಲ್ಲ ಪ್ರಾರ್ಥನೆಗೆ ಸೇರಿಸಿ ಕಲಿಸ್ತಿದ್ರು. 1989ರಲ್ಲಿ ಧ್ಯಾನದ ಬಗ್ಗೆ ವ್ಯಾಟಿಕನ್ ಪತ್ರ ಬಂತು. ಪೂರ್ವದ ಪದ್ಧತಿಗಳಲ್ಲಿ ಉಪಯೋಗಕ್ಕೆ ಬರುವುದನ್ನು ತಗೊಳ್ಳಬಹುದು, ಆದ್ರೆ ಕ್ರೈಸ್ತ ಪ್ರಾರ್ಥನೆಯ ಅರ್ಥ ಮಸುಕಾಗ್ಬಾರ್ದು ಅಂತ ಅದ್ರಲ್ಲಿ ಇದ್ದದ್ದು. 1998ರಲ್ಲಿ, ಅವ್ರು ತೀರಿ 11 ವರ್ಷ ಆದ್ಮೇಲೆ, ಡಿ ಮೆಲ್ಲೊ ಬರಹಗಳ ಬಗ್ಗೆ ವ್ಯಾಟಿಕನ್‌ನಿಂದ ಬೇರೆಯೇ ಎಚ್ಚರಿಕೆ ಬಂತು. ನಮ್ಮ ಇಗರ್ಜಿಯ ವಾರ್ಡ್ ಮೀಟಿಂಗಿಗೆ ಬರುವಾಗ ಎರಡೂ ಸೇರಿ ಒಂದೇ ಶಬ್ದ ಆಗಿತ್ತು, "ನಿಷೇಧ". ಕಣ್ಮುಚ್ಚಿ ಕೂರುದೇ ಸಂಶಯದ ಕೆಲಸ ಆಯ್ತು.

ಏಕಾಂತದ ವಿಷ್ಯ ಇನ್ನೂ ಕಷ್ಟದ್ದು. ಶಿರ್ವ, ಕಲ್ಯಾಣಪುರ ಕಡೆ ಹೋಗಿ ನೋಡಿ, ಮಕ್ಕಳೆಲ್ಲ ಗಲ್ಫಲ್ಲಿ, ದೊಡ್ಡ ಮನೆ, ಒಳಗೆ ಒಬ್ರೇ ವಯಸ್ಸಾದ ಬಾಯಮ್ಮ. ರಾತ್ರಿ ತೇರ್ಸ್‌ಗೆ ಜೊತೆ ಬೇಕು ಅಂತ ಅವ್ರು ಟಿವಿ ಹಾಕುದು. ಮರುಭೂಮಿಯ ಅಂತೋಣಿ ಹುಡ್ಕಿಕೊಂಡು ಹೋದ ಏಕಾಂತ ಇವ್ರಿಗೆ ಕೇಳದೇ ಬಂದದ್ದು, ಬೇಡ ಅಂದ್ರೂ ಹೋಗುದಿಲ್ಲ. ಐದು ಜನ ಎರಡು ಕೋಣೆಯಲ್ಲಿರುವ ಬಾಡಿಗೆ ಮನೆಯವ್ರಿಗೆ ಅದೇ ಏಕಾಂತ ಬೇಕಂದ್ರೂ ಜಾಗ ಇಲ್ಲ, ಅವ್ರಿಗೆ ಮಧ್ಯಾಹ್ನ ಹೊತ್ತು ಇಗರ್ಜಿ ಬಾಗಿಲು ತೆರೆದಿಟ್ರೇ ದೊಡ್ಡ ಉಪಕಾರ, ಎಷ್ಟೋ ಕಡೆ ಬೀಗ ಇರ್ತದೆ.

ನಮ್ಮಲ್ಲಿ ಈಗ ಪರಮಪ್ರಸಾದ ಆದ್ಮೇಲೆ "ಸ್ವಲ್ಪ ಹೊತ್ತು ಮೌನವಾಗಿರುವ" ಅಂತ ಮೈಕಲ್ಲಿ ಹೇಳ್ತಾರೆ. ಕಳೆದ ಆದಿತ್ಯವಾರ ನಾನು ವಾಚ್ ನೋಡಿದೆ. 20 ಸೆಕೆಂಡ್ ಆಗಿತ್ತು, ನೋಟಿಸ್ ಓದುವವ್ರು ಬಂದು ಮೈಕ್ ಟಕ್ ಟಕ್ ಮಾಡಿದ್ರು.