ತೇರು ನಿಲ್ಲಿಸುವವರು ನೆಲದ ಮೇಲಿರುತ್ತಾರೆ

ನಾಯಕನಹಟ್ಟಿ ಜಾತ್ರೆಯಲ್ಲಿ ತಿಪ್ಪೇರುದ್ರಸ್ವಾಮಿ ತೇರು ಹೊರಟಾಗ ಎಲ್ಲರೂ ಮೇಲೆ ನೋಡುತ್ತಾರೆ. ಹೂವಿನ ಹಾರ, ಬಾವುಟ, ಕಳಸ. ನಾನು ಚಿಕ್ಕಂದಿನಿಂದ ಗಾಲಿ ನೋಡುವವನು. ತೇರಿಗೆ ಬ್ರೇಕ್ ಇಲ್ಲ, ಸ್ಟೇರಿಂಗ್ ಇಲ್ಲ. ಗಾಲಿ ಪಕ್ಕದಲ್ಲೇ ಮರದ ಸನ್ನೆ ಹಿಡಿದು ನಡೆಯುವ ಕೆಲವರಿರುತ್ತಾರೆ. ತೇರು ಸ್ವಲ್ಪ ಆಚೆ ವಾಲಿದರೆ ಗಾಲಿಯ ಕೆಳಗೆ ಸನ್ನೆ ಕೊಟ್ಟು ತಿರುಗಿಸುತ್ತಾರೆ, ಬೇಕಾದಲ್ಲಿ ನಿಲ್ಲಿಸುತ್ತಾರೆ. ಅವರ ಫೋಟೋ ಯಾರೂ ತೆಗೆಯುವುದಿಲ್ಲ.

ಮರಳಿ ಬರುವ ರಾಕೆಟ್ಟಿನ ವಿಡಿಯೋ ನೋಡುವಾಗಲೂ ಹೀಗೇ ಆಗುತ್ತದೆ, ಅಲ್ವಾ? ಕಣ್ಣೆಲ್ಲ ರಾಕೆಟ್ಟಿನ ಮೇಲೆ. ನೆಲ ಸುಮ್ನೆ ಬಿದ್ದುಕೊಂಡಿದೆ ಅನ್ನಿಸುತ್ತದೆ.

ನಾಯಕನಹಟ್ಟಿ ಇರುವ ಚಳ್ಳಕೆರೆ ತಾಲೂಕಿನಲ್ಲೇ, ಒಂದು ಕಾಲಕ್ಕೆ ಅಮೃತಮಹಲ್ ದನ ಮೇಯುತ್ತಿದ್ದ ಕಾವಲಿನಲ್ಲಿ, ಈಗ ಡಿಆರ್‌ಡಿಓದ ವಿಮಾನ ಪರೀಕ್ಷಾ ಕೇಂದ್ರವಿದೆ. (ಕಾವಲಿಗೆ ಕಾಂಪೌಂಡ್ ಬಿದ್ದಾಗ ಕುರಿ ಮೇಯಿಸುವವರು ಹೋರಾಡಿದ್ದು ಬೇರೆಯೇ ಕಥೆ. ಎರಡು ಸಾಲಲ್ಲಿ ಮುಗಿಸುವಂಥದ್ದಲ್ಲ.) 2023ರ ಏಪ್ರಿಲ್ 2ರ ಬೆಳಿಗ್ಗೆ 7.10ಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್, ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬರುವ ರಾಕೆಟ್ಟಿಗಾಗಿ ಇಸ್ರೋ ಪರೀಕ್ಷಿಸುತ್ತಿದ್ದ ರೆಕ್ಕೆಯುಳ್ಳ ವಾಹನವನ್ನು ಹೊಟ್ಟೆಯಡಿ ತೂಗುಹಾಕಿಕೊಂಡು ಇಲ್ಲಿಂದ ಮೇಲೆದ್ದಿತು. ಸಮುದ್ರಮಟ್ಟದಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ, ರನ್‌ವೇ ಇನ್ನೂ 4.6 ಕಿಲೋಮೀಟರ್ ದೂರ ಇರುವಾಗ, ಕೈಬಿಟ್ಟಿತು. 7.40ಕ್ಕೆ ಆ ವಾಹನ ತಾನೇ ಬಂದು ಇಳಿಯಿತು. ಪುಷ್ಪಕ್ ಅಂತ ಹೆಸರಿಟ್ಟರು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಮತ್ತೆರಡು ಸಲ ಇಳಿಸಿದರು.

ನಾವು ಕೂರುವ ವಿಮಾನ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಲೆಕ್ಕ ಹಾಕಿ ನೋಡಿದೆ: ರನ್‌ವೇಗೆ 4.6 ಕಿಲೋಮೀಟರ್ ಇರುವಾಗ ಅದು ನೆಲದಿಂದ ಹೆಚ್ಚುಕಡಿಮೆ 240 ಮೀಟರ್ ಮೇಲಿರುತ್ತದೆ. ಪುಷ್ಪಕ್ ಇದ್ದದ್ದು, ಇಲ್ಲಿನ ನೆಲದ ಎತ್ತರ ಕಳೆದರೂ, ಮೂರೂವರೆ ಸಾವಿರ ಮೀಟರಿಗೂ ಮೇಲೆ. ಈ ಪರೀಕ್ಷೆಯಲ್ಲಿ ಅದಕ್ಕೆ ಎಂಜಿನ್ ಬಲವೂ ಇಲ್ಲ. ವಿಮಾನವಾದರೆ ಸರಿಹೋಗದಿದ್ದಾಗ ಇನ್ನೊಂದು ಸುತ್ತು ಹೊಡೆದು ಬರಬಹುದು. ಇದಕ್ಕೆ ಇರುವುದು ಒಂದೇ ಸಲ.

ಹಾಗಾದರೆ ತಾನು ಎಲ್ಲಿದ್ದೇನೆ ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ಮೊಬೈಲಿನಲ್ಲಿರುವ ಜಿಪಿಎಸ್ ಸಾಕಲ್ಲ ಅನ್ನಬಹುದು. ಸಾಲದು. ಸಂಕೇತ ಉಪಗ್ರಹದಿಂದ ನಮ್ಮವರೆಗೆ ಬರಲು ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನುವುದರಿಂದಲೇ ದೂರದ ಲೆಕ್ಕ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದರೆ ದೂರ 30 ಸೆಂಟಿಮೀಟರ್ ತಪ್ಪುತ್ತದೆ. ಇದರ ಜೊತೆ ಇನ್ನೊಂದು ತೊಂದರೆ. ಉಪಗ್ರಹಗಳೆಲ್ಲ ತಲೆಯ ಮೇಲೇ ಇವೆ, ಕೆಳಗೆ ಒಂದೂ ಇಲ್ಲ. ಹಾಗಾಗಿ ಎಡಬಲದ ಲೆಕ್ಕಕ್ಕಿಂತ ಎತ್ತರದ ಲೆಕ್ಕ ಜಾಸ್ತಿ ತಪ್ಪುತ್ತದೆ. ಇಳಿಯುವವರಿಗೆ ಬೇಕಾದದ್ದೇ ಎತ್ತರ!

ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಉಪಗ್ರಹದ ಹಾಗೇ ಸಂಕೇತ ಕಳಿಸುವ ಪೆಟ್ಟಿಗೆಗಳನ್ನು ನೆಲದ ಮೇಲೇ ಇಡುವುದು. ಸ್ಯೂಡೋಲೈಟ್ ಅನ್ನುತ್ತಾರೆ. ನಾನಂತೂ ಸುಳ್ಳು ಉಪಗ್ರಹ ಅಂತ ಕರೆಯುತ್ತೇನೆ. ಪ್ರತಿಯೊಂದು ಪೆಟ್ಟಿಗೆಯ ಜಾಗವನ್ನೂ ಮೊದಲೇ ಕರಾರುವಾಕ್ಕಾಗಿ ಅಳೆದಿರುತ್ತಾರೆ. ಇಷ್ಟು ಸಾಲದೆಂದು ವಾಹನದ ಹೊಟ್ಟೆಯಲ್ಲಿ ಒಂದು ರೇಡಾರ್ ಕೂಡ ಇದೆ. ಅದು ಕೆಳಗಿನ ನೆಲಕ್ಕೆ ಎಷ್ಟು ದೂರ ಅಂತ ನೇರವಾಗಿ ಅಳೆಯುತ್ತದೆ.

ಆದರೆ ಕೆಳಗಿನ ನೆಲ ಅಂದರೆ ಯಾವ ನೆಲ? ನಮ್ಮ ಕಾವಲು ದೂರದಿಂದ ತಟ್ಟೆಯಂತೆ ಕಾಣುತ್ತದೆ, ನಡೆದವರಿಗೆ ನಿಜ ಗೊತ್ತು. ಅಲ್ಲೊಂದು ದಿಬ್ಬ, ಇಲ್ಲೊಂದು ಹಳ್ಳ. ಹಳ್ಳದ ಮೇಲೆ ಹಾರುವಾಗ ರೇಡಾರ್ ಜಾಸ್ತಿ ಎತ್ತರ ತೋರಿಸುತ್ತದೆ, ದಿಬ್ಬ ಬಂದಾಗ ಕಡಿಮೆ. ವಾಹನ ಅದನ್ನು ನಂಬಿ ಮೂತಿ ಎತ್ತಿದರೆ, ಇಳಿಸಿದರೆ, ಕೆಟ್ಟಿತು. ಅದಕ್ಕೇ ಇಳಿಯುವ ಜಾಗದ ಏರುತಗ್ಗಿನ ನಕ್ಷೆಯನ್ನು ಮೊದಲೇ ಮಾಡಿಟ್ಟುಕೊಂಡು ರೇಡಾರ್ ಅಳತೆಯನ್ನು ಅದರ ಜೊತೆ ತಾಳೆ ನೋಡುತ್ತಾರೆ. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ ಭಾಗ ಇದು. ಚಳ್ಳಕೆರೆಯ ದಿಬ್ಬ, ಹಳ್ಳಗಳ ಲೆಕ್ಕ ಒಂದು ರಾಕೆಟ್ಟಿಗೆ ಬಾಯಿಪಾಠ!

ಇನ್ನು ಗಾಳಿ. ಜೂನ್ 23 ಅಂದರೆ ಆರಿದ್ರಾ ಮಳೆಯ ದಿನಗಳು. ಈ ಸೀಮೆಯ ಮುಂಗಾರಿನ ಗಾಳಿ ಹೇಗಿರುತ್ತದೆ ಅಂತ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕೇಳಿ. ಆ ಸಲ ಬೇಕೆಂದೇ ರನ್‌ವೇ ಗೆರೆಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಗಾಳಿಯೂ ಹಿಂದಿನದಕ್ಕಿಂತ ಜೋರಾಗಿತ್ತು. ಮಾರ್ಚಿನಲ್ಲಿ ಹಾರಿದ್ದ ಅದೇ ರೆಕ್ಕೆ, ಅದೇ ಒಡಲು. ಅದು ತಿರುಗಿ ಗೆರೆಗೆ ಬಂದು ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟಿತು. ಪ್ರಯಾಣಿಕರ ವಿಮಾನ ಇಳಿಯುವುದು 260ರ ಆಸುಪಾಸಿನಲ್ಲಿ. ಪ್ಯಾರಾಚೂಟ್ ಬಿಚ್ಚಿ ವೇಗ 100ಕ್ಕೆ ಬಂದ ಮೇಲೆ ಗಾಲಿಯ ಬ್ರೇಕ್. ಅಷ್ಟು ವೇಗದಲ್ಲಿ ಓಡುವ ಗಾಲಿಗೆ ಒಂದು ಬೆಣಚುಕಲ್ಲು ಸಿಕ್ಕರೂ ಕಷ್ಟ. ಕಣ ಮಾಡುವವರು ಹುಲ್ಲು ಕೆತ್ತಿ, ನೀರು ಹಾಕಿ, ಗುಂಡುಕಲ್ಲು ಉರುಳಿಸಿ, ಕೊನೆಗೆ ಕಸಬರಿಗೆ ಆಡಿಸುವ ಹಾಗೆ ರನ್‌ವೇಯನ್ನೂ ಗುಡಿಸಿಡಬೇಕು.

ಗಾಲಿಯ ಮೇಲೆ ಇಳಿಯುವವರಿಗೆ ಉದ್ದನೆಯ ರನ್‌ವೇ ಬೇಕು. ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ಟಿನ ಕೆಳಭಾಗ ನೆಟ್ಟಗೆ ಇಳಿಯುತ್ತದೆ, ಅದಕ್ಕೆ ಒಂದು ಕಾಂಕ್ರೀಟ್ ಕಟ್ಟೆ ಸಾಕು. 2015ರ ಡಿಸೆಂಬರಿನಲ್ಲಿ ಮೊದಲು ಇಳಿದದ್ದು ಹಾಗೇ. ಆದರೆ ನಾಲ್ಕು ಕಾಲುಗಳನ್ನು ಅದೇ ಹೊತ್ತುಕೊಂಡು ಹೋಗಬೇಕು. ಆ ಭಾರಕ್ಕೆ ತಕ್ಕಷ್ಟು ಸರಕು ಕಡಿಮೆಯಾಗುತ್ತದೆ. ಕಾಲು ಕೈಕೊಡುವುದೂ ಉಂಟು. 2016ರ ಜನವರಿಯಲ್ಲಿ ಒಂದು ರಾಕೆಟ್ ಸಮುದ್ರದಲ್ಲಿದ್ದ ತೆಪ್ಪದ ಮೇಲೆ ಸರಿಯಾಗೇ ಇಳಿಯಿತು. ಒಂದು ಕಾಲಿನ ಲಾಕ್ ಬೀಳಲಿಲ್ಲ. ವಾಲಿ, ಬಿದ್ದು, ಸಿಡಿಯಿತು.

ಕಾಲೇ ಬೇಡ, ನೆಲವೇ ಹಿಡಿಯಲಿ ಅಂದರೆ? 2024ರ ಅಕ್ಟೋಬರ್ 13ರಂದು ಟೆಕ್ಸಾಸಿನಲ್ಲಿ ಅದನ್ನೇ ಮಾಡಿದರು. ಸ್ಪೇಸ್‌ಎಕ್ಸ್‌ನದೇ ಸ್ಟಾರ್‌ಶಿಪ್ ರಾಕೆಟ್ಟಿನ ಕೆಳಭಾಗವನ್ನು, ಅಂದರೆ 71 ಮೀಟರ್ ಎತ್ತರದ ಸೂಪರ್ ಹೆವಿ ಬೂಸ್ಟರನ್ನು, ಗೋಪುರದ ಎರಡು ಕಬ್ಬಿಣದ ತೋಳುಗಳು ಗಾಳಿಯಲ್ಲೇ ಹಿಡಿದವು. ಪ್ರಪಂಚವೆಲ್ಲ ಚಪ್ಪಾಳೆ ಹೊಡೆಯಿತು. ನನಗೆ ಹೆಚ್ಚು ಇಷ್ಟವಾದದ್ದು ಅದರ ಮುಂದಿನ ಹಾರಾಟ, ನವೆಂಬರ್ 19ರದ್ದು. ಆ ದಿನ ಬೂಸ್ಟರ್ ಮರಳಿ ಹೊರಟಿತ್ತು. ಅಷ್ಟರಲ್ಲಿ ತಪಾಸಣೆಯಲ್ಲಿ ಗೋಪುರದ ಕಡೆಯೇ ತೊಂದರೆ ಕಂಡಿತು. ಹಿಡಿಯುವುದು ಬೇಡ ಅಂತಾಯಿತು. ಇಲ್ಲಿ ಒಂದು ಜಾಣತನವಿದೆ. ಬೂಸ್ಟರಿಗೆ ಮೊದಲಿನಿಂದಲೇ ಹೇಳಿಟ್ಟಿರುವ ದಾರಿ ಸಮುದ್ರದ ಕಡೆಗೆ. ಎಲ್ಲ ಸರಿಯಿದೆ, ಬಾ ಅಂತ ಕೆಳಗಿನಿಂದ ಆದೇಶ ಹೋದರೆ ಮಾತ್ರ ಗೋಪುರದ ಕಡೆ ಬರುತ್ತದೆ. ಬೇಡ ಅನ್ನಲು ಯಾರೂ ಓಡಾಡಬೇಕಿಲ್ಲ, ಸುಮ್ಮನಿದ್ದರೂ ಬೇಡ ಅಂತಲೇ ಅರ್ಥ. ಅವತ್ತು ಅದು ಸಮುದ್ರಕ್ಕೆ ಇಳಿಯಿತು. ಗೋಪುರ ಉಳಿಯಿತು.

ಇಳಿದ ಮೇಲೂ ಕೆಲಸ ಇದೆ. ಟ್ಯಾಂಕಿನಲ್ಲಿ ಅಷ್ಟಿಷ್ಟು ಇಂಧನ, ಆಕ್ಸಿಜನ್ ಉಳಿದಿರುತ್ತದೆ, ಹತ್ತಿರ ಹೋಗುವ ಹಾಗಿಲ್ಲ. 2016ರ ಏಪ್ರಿಲ್‌ನಲ್ಲಿ ತೆಪ್ಪದ ಮೇಲೆ ಫಾಲ್ಕನ್ ಮೊದಲ ಸಲ ಸರಿಯಾಗಿ ನಿಂತಾಗ ಅದು ಅಲೆಗೆ ಜಾರದಿರಲಿ ಅಂತ ಜನ ಹೋಗಿ, ಕಾಲುಗಳ ಮೇಲೆ ಉಕ್ಕಿನ ಬೂಟು ತೊಡಿಸಿ, ಡೆಕ್ಕಿಗೆ ವೆಲ್ಡಿಂಗ್ ಮಾಡುವ ಯೋಜನೆಯಿತ್ತು. ಈಗ ಅದಕ್ಕೊಂದು ಚಪ್ಪಟೆ ರೋಬಾಟ್ ಇದೆ. ರಾಕೆಟ್ ನಿಂತ ಮೇಲೆ ಮೆಲ್ಲಗೆ ಅದರ ಅಡಿಗೆ ನುಸುಳುತ್ತದೆ, ತೋಳು ಎತ್ತಿ ಬುಡ ಹಿಡಿದುಕೊಳ್ಳುತ್ತದೆ, ದಡ ಬರುವವರೆಗೆ ಬಿಡುವುದಿಲ್ಲ.