ಹೊಡೆಯೋದು ಗಂಡ, ಸರ್ಕಾರ ಹೇಗೆ ಹೊಣೆ?

ಪ್ರಶ್ನೆ: ಮಾನವ ಹಕ್ಕು ಅಂದ್ರೆ ಸರ್ಕಾರ ಜನರಿಗೆ ಮಾಡೋ ಅನ್ಯಾಯದ ವಿಷಯ ಅಲ್ವಾ? ಗಂಡ ಮನೆಯಲ್ಲಿ ಹೊಡೆದರೆ ಅದು ಹೇಗೆ ಮಾನವ ಹಕ್ಕಿನ ಉಲ್ಲಂಘನೆ?

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತೀವಲ್ಲ, ಟರ್ಕಿ ಸರ್ಕಾರ ಅದನ್ನೇ ಕೋರ್ಟಿನ ಭಾಷೆಯಲ್ಲಿ ಹೇಳಿತ್ತು. ದಿಯಾರ್‌ಬಕಿರ್ ಊರಿನ ಕೇಸು ಅದು. ಒಬ್ಬ 1995ರಿಂದ ಹೆಂಡತಿಯನ್ನೂ ಅತ್ತೆಯನ್ನೂ ಹೊಡೆಯುತ್ತಿದ್ದ. 1998ರಲ್ಲಿ ಇಬ್ಬರ ಮೇಲೂ ಕಾರು ನುಗ್ಗಿಸಿದ. ಅವರು ದೂರು ಕೊಡುತ್ತಿದ್ದರು, ಅವನು ಕೊಲ್ತೀನಿ ಅನ್ನುತ್ತಿದ್ದ, ದೂರು ವಾಪಸ್ ಆಗುತ್ತಿತ್ತು. 2001ರಲ್ಲಿ ಹೆಂಡತಿಗೆ ಏಳು ಸಲ ಚಾಕು ಹಾಕಿದ. ಅದಕ್ಕೆ ಸುಮಾರು 385 ಯೂರೋ ದಂಡ, ಎಂಟು ಕಂತಿನಲ್ಲಿ. ಮಿಕ್ಸಿ ಕೊಂಡ ಹಾಗೆ!

2002ರ ಫೆಬ್ರವರಿ ಕೊನೆಯಲ್ಲಿ ಅತ್ತೆ ಮತ್ತೆ ದೂರು ಕೊಟ್ಟರು. ಅಳಿಯ ಚಾಕು, ಪಿಸ್ತೂಲು ಇಟ್ಟುಕೊಂಡು ಮನೆ ಹತ್ತಿರ ಸುಳಿದಾಡ್ತಿದ್ದಾನೆ ಅಂದರು. ಮಾರ್ಚ್ 11ರಂದು ಊರೇ ಬಿಡೋಣ ಅಂತ ಮನೆ ಸಾಮಾನು ತುಂಬಿದ ಗಾಡಿಯಲ್ಲಿ ಹೊರಟಿದ್ದರು. ಅಳಿಯ ಅಡ್ಡಗಟ್ಟಿ ಅತ್ತೆಯನ್ನು ಗುಂಡು ಹಾರಿಸಿ ಕೊಂದ.

ಮಗಳು, ಅಂದ್ರೆ ಏಟು ತಿಂದ ಆ ಹೆಂಡತಿ ಓಪುಜ್, ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋದರು. ಅದೇ ಓಪುಜ್ ಕೇಸು. ದೂರು ಅವರೇ ವಾಪಸ್ ತಗೊಂಡರು, ಮನೆಯೊಳಗೆ ನಾವು ತಲೆ ಹಾಕೋದು ಹೇಗೆ ಅಂತ ಸರ್ಕಾರ ವಾದಿಸಿತು. 2009ರ ತೀರ್ಪು ಅದನ್ನು ಒಪ್ಪಲಿಲ್ಲ. ಅಪರಾಧ ದೊಡ್ಡದಾದಷ್ಟೂ, ದೂರು ವಾಪಸಾದರೂ ಕೇಸು ನಡೆಸುವ ಅಗತ್ಯ ಹೆಚ್ಚುತ್ತದೆ ಎಂದಿತು. ಅಪಾಯ ಅಧಿಕಾರಿಗಳಿಗೆ ಗೊತ್ತಿತ್ತು, ತಡೆಯಲು ದಾರಿಯಿತ್ತು, ತಡೆಯಲಿಲ್ಲ. ಸರ್ಕಾರದ ತಪ್ಪು ಅದು. ಜೀವಿಸುವ ಹಕ್ಕಿನ ಜೊತೆಗೆ ಹೆಂಗಸರ ಮೇಲಿನ ತಾರತಮ್ಯದ ಮಾತೂ ತೀರ್ಪಿನಲ್ಲಿ ಬಂತು. ಠಾಣೆಗೆ ಬಂದ ಹೆಂಗಸರಿಗೆ ರಾಜಿ ಮಾಡಿಸಿ ಮನೆಗೆ ಕಳಿಸುವ ಅಭ್ಯಾಸವನ್ನೂ ಕೋರ್ಟು ಗಮನಿಸಿತ್ತು. ಇದು ನಮಗೇನು ಹೊಸದಲ್ಲ, 'ಹೊಂದ್ಕೊಂಡು ಹೋಗಮ್ಮ' ಅಷ್ಟೇ.

ಆ ತೀರ್ಪು ಭಾರತಕ್ಕೆ ಅನ್ವಯಿಸುವುದಿಲ್ಲ. ಆದರೆ ವಿಶ್ವಸಂಸ್ಥೆಯ ಮಹಿಳಾ ತಾರತಮ್ಯ ವಿರೋಧಿ ಒಪ್ಪಂದವನ್ನು ನಾವು 1993ರಲ್ಲೇ ಒಪ್ಪಿಕೊಂಡಿದ್ದೇವೆ. ಖಾಸಗಿ ವ್ಯಕ್ತಿಯ ಹಿಂಸೆಯನ್ನು ತಡೆಯಲು ತಕ್ಕ ಪ್ರಯತ್ನ ಮಾಡದಿದ್ದರೆ ಸರ್ಕಾರವೂ ಹೊಣೆ ಎಂದು ಅದರ ಸಮಿತಿ 1992ರಲ್ಲೇ ಹೇಳಿತ್ತು. ನಮ್ಮ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬಂದದ್ದೂ ಈ ಹಿನ್ನೆಲೆಯಲ್ಲೇ.

ಇನ್ನೊಂದು ಮಾತು. ಓಪುಜ್ ಗೆದ್ದದ್ದು ವರ್ಷಗಟ್ಟಲೆ ಕೊಟ್ಟ ದೂರುಗಳು ಕಾಗದದ ಮೇಲೆ ಉಳಿದಿದ್ದಕ್ಕೆ. ಠಾಣೆಗೆ ಹೋದರೆ ಸುಮ್ನೆ ಹೇಳಿ ಬರಬೇಡಿ. ಬರೆದು ಕೊಡಿ, ತಾರೀಕು ಹಾಕಿದ ಸ್ವೀಕೃತಿ ಕೇಳಿ ಪಡೆಯಿರಿ.